ಪ್ರತಿವಾದಿ ಬದುಕಿರಬೇಕು

ಮಾರ್ಚ್ 4, ಸೋಮವಾರ

ದಾವೆ ಇವತ್ತು ಸಾಯಲಿಲ್ಲ. ಸಾಯಬಹುದಿತ್ತು. ಹನ್ನೊಂದೂಕಾಲಿನಿಂದ ಹನ್ನೊಂದೂವರೆಯವರೆಗೆ ಅದರ ಕತ್ತು ನ್ಯಾಯಾಧೀಶರ ಕೈಯಲ್ಲಿತ್ತು.

ಪ್ರತಿವಾದಿ ಡಾಕ್ಟರ ಪರ ವಕೀಲರ ಅರ್ಜಿ ಇಷ್ಟೇ: ಮಾನನಷ್ಟದ ದಾವೆಯನ್ನು ಒಂದು ವರ್ಷದೊಳಗೆ ಹೂಡಬೇಕು, ಈ ಹೆಂಗಸು ಒಂದು ವರ್ಷ ಒಂದು ದಿನಕ್ಕೆ ಹೂಡಿದ್ದಾಳೆ, ತಪ್ಪು ಯಾರದೆಂದು ನೋಡುವ ಪ್ರಮೇಯವೇ ಇಲ್ಲ, ಬಾಗಿಲಿನಿಂದಲೇ ವಾಪಸ್ ಕಳಿಸಿ. ಮೂರು ವರ್ಷ ಸುಮ್ಮನಿದ್ದು, ನನ್ನ ಪಾಟಿಸವಾಲು ಹತ್ತಿರ ಬಂದಾಗ ಇದನ್ನು ಹೊರತೆಗೆದರು. ನಮ್ಮ ವಕೀಲರು ಆ ವರ್ಷದ ಕ್ಯಾಲೆಂಡರ್ ಬಿಚ್ಚಿ ತೋರಿಸಿದರು. ವರ್ಷ ತುಂಬಿದ ದಿನ ಭಾನುವಾರ, ಕೋರ್ಟಿಗೆ ಬೀಗ. ಮಾರನೆಯ ದಿನ ಹೂಡಿದರೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ವಜಾ. ಒಂದು ಭಾನುವಾರ ನನ್ನನ್ನು ಉಳಿಸಿತು.

ಹೊರಗೆ ಬಂದ ಮೇಲೆ ವಕೀಲರು, "ಪಾಟಿಸವಾಲಲ್ಲಿ ತಡವರಿಸಬಾರದು. ಆವತ್ತು ಏನೇನಾಯ್ತು ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಟ್ಕೊಳ್ಳಿ," ಅಂದರು. ಅವರಿಗೆ ಬೇಕಾದದ್ದನ್ನು ಎರಡು ಹಾಳೆಯಲ್ಲಿ ಬರೆದು ಹರಿದುಕೊಟ್ಟೆ. ಉಳಿದ ಪುಸ್ತಕ ನನಗೆ.

ಆ ಎರಡು ಹಾಳೆಯಲ್ಲಿ ಬರೆದದ್ದು: ನಾನು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ನಾಲ್ಕು ವರ್ಷದ ಹಿಂದೆ ಮಕ್ಕಳ ಡಾಕ್ಟರು ಆರು ವರ್ಷದ ಒಂದು ಹುಡುಗಿಗೆ ಹೃದಯದ ಔಷಧ ಬರೆದರು. ಅರ್ಧ ಮಿಲಿ ಕೊಡಬೇಕಿತ್ತು. ಚೀಟಿಯಲ್ಲಿ ಐದು ಮಿಲಿ ಅಂತ ಇತ್ತು. ಐದರ ಹಿಂದೆ ಚುಕ್ಕೆ ಇರಲಿಲ್ಲ. ಬರೆದಿದ್ದನ್ನು ನಾನು ಕೊಟ್ಟೆ. ಮೂರನೆಯ ದಿನ ಡಾಕ್ಟರು ಪತ್ರಿಕೆಯವರ ಮುಂದೆ ನಿಂತು, "ನಾನು ಬರೆದದ್ದು ಸರಿಯಾಗೇ ಇತ್ತು, ಕೌಂಟರಿನ ಹೆಂಗಸು ಚುಕ್ಕೆ ನೋಡಲಿಲ್ಲ," ಅಂದರು. ಚೀಟಿ ಎಲ್ಲೋ ಮಾಯವಾಯಿತು. ನನ್ನ ಕೆಲಸ ಹೋಯಿತು. ಪೊಲೀಸರು ಸಾಕ್ಷಿ ಇಲ್ಲವೆಂದು ಕಡತ ಮುಚ್ಚಿದರು. ಆದರೆ ಊರು ಮುಚ್ಚಲಿಲ್ಲ.

ಚುಕ್ಕೆ ಇರಲಿಲ್ಲ. ಕಣ್ಣು ಮುಚ್ಚಿದರೆ ಈಗಲೂ ಆ ಚೀಟಿ ಕಾಣುತ್ತದೆ. ನನಗೆ ಬೇಕಾಗಿರುವುದು ಒಂದೇ ಒಂದು ತೀರ್ಪು. ಅದರಲ್ಲಿ ಒಂದು ಸಾಲು: ಈ ಹೆಂಗಸಿನ ತಪ್ಪಿಲ್ಲ.


ಮಾರ್ಚ್ 9, ಶನಿವಾರ

ಈಗ ನಾನಿರುವುದು ಚಪ್ಪಲಿ ಅಂಗಡಿಯ ಹಿಂಬದಿಯ ಉಗ್ರಾಣದಲ್ಲಿ. ಪೆಟ್ಟಿಗೆಯ ಮೇಲಿನ ಅಂಕಿಗೂ ಒಳಗಿನ ಜೋಡಿಯ ಅಂಕಿಗೂ ತಾಳೆ ನೋಡುವುದು, ಜೋಡಿಸುವುದು, ಕೇಳಿದ್ದನ್ನು ಮುಂದಕ್ಕೆ ಕೊಡುವುದು. ನಾನು ಒಂದೊಂದು ಪೆಟ್ಟಿಗೆಯನ್ನೂ ಮೂರು ಸಲ ನೋಡುತ್ತೇನೆ. ಇವತ್ತು ಯಜಮಾನರು ನಗುತ್ತಾ, "ಅಷ್ಟೆಲ್ಲಾ ನೋಡ್ಬೇಡಿ ಅಕ್ಕಾ, ಒಂದು ನಂಬರ್ ಹೆಚ್ಚುಕಮ್ಮಿ ಆದ್ರೆ ಯಾರೂ ಸಾಯಲ್ಲ," ಅಂದರು. ಅಂದ ಮೇಲೆ ಅವರಿಗೇ ಹೊಳೆದಿರಬೇಕು. ಮುಖ ಸಪ್ಪಗೆ ಮಾಡಿಕೊಂಡು ಮುಂದಿನ ಕೋಣೆಗೆ ಹೋದರು. ಕೆಟ್ಟವರಲ್ಲ.

ಇವರಿಗೆ ಹೇಳಿದೆ. ನನ್ನ ಗಂಡ ಸಿಟಿ ಬಸ್ಸಿನ ಡ್ರೈವರು, ದಿನಕ್ಕೆ ನೂರು ಜನರ ಬಾಯಿ ಕೇಳಿ ಅಭ್ಯಾಸ. "ಅವನ ಮಾತಿಗೆ ತಲೆ ಕೆಡಿಸ್ಕೊಂಡ್ರೆ ನಿನ್ ತಲೆ ನಂಬರೂ ಹೆಚ್ಚುಕಮ್ಮಿ ಆಗುತ್ತೆ," ಅಂದರು. ನಗು ಬರಲಿಲ್ಲ.


ಮಾರ್ಚ್ 26, ಮಂಗಳವಾರ

ದಾವೆ ವಜಾ ಆಯಿತು. ಸೋತು ಅಲ್ಲ, ಗೈರುಹಾಜರಿಗೆ.

ಪ್ರತಿ ಸಲ ನಾಲ್ಕನೆಯ ಕೋರ್ಟ್ ಹಾಲಿನಲ್ಲಿ ಇರುತ್ತಿದ್ದ ಪ್ರಕರಣವನ್ನು ಇವತ್ತು ಒಂಬತ್ತನೆಯ ಹಾಲಿಗೆ ವರ್ಗಾಯಿಸಿದ್ದಾರೆ. ಗೋಡೆಗೆ ಚೀಟಿ ಅಂಟಿಸಿದ್ದರಂತೆ. ನಾನು ಹತ್ತೂವರೆಯಿಂದ ನಾಲ್ಕನೆಯ ಹಾಲಿನ ಬೆಂಚಿನ ಮೇಲೆ ಫೈಲು ತೊಡೆಯ ಮೇಲಿಟ್ಟುಕೊಂಡು ಒಳ್ಳೆ ಮಗುವಿನ ಹಾಗೆ ಕೂತಿದ್ದೆ. ನಮ್ಮ ವಕೀಲರು ಬೇರೆ ಕಟ್ಟಡದಲ್ಲಿ ಯಾರದೋ ಬಾಡಿಗೆ ಕೇಸಿನಲ್ಲಿದ್ದರು. ಒಂಬತ್ತನೆಯ ಹಾಲಿನಲ್ಲಿ ನನ್ನ ಹೆಸರನ್ನು ಮೂರು ಸಲ ಕೂಗಿದರು. ಮೂರಕ್ಕೂ ನಾನಿಲ್ಲ. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಮುಗಿದುಹೋಯಿತು.

ನಾನು ಓಡಿ ಹೋಗುವ ಹೊತ್ತಿಗೆ ಅಲ್ಲಿ ಬೇರೆ ಯಾರದೋ ಪ್ರಕರಣ ನಡೆಯುತ್ತಿತ್ತು. ಗುಮಾಸ್ತರು ತಲೆ ಎತ್ತದೆ, "ವಾದಿ ಇಲ್ಲ, ವಾದಿ ವಕೀಲರಿಲ್ಲ. ವಜಾ," ಅಂದರು.

"ನಾನೇ ವಾದಿ. ಇಲ್ಲೇ ಇದ್ದೆ. ಐದು ಬಾಗಿಲ ಆಚೆ ಇದ್ದೆ."

"ಈ ಬಾಗಿಲಲ್ಲಿ ಇರಬೇಕಿತ್ತು."

ಹಿಂದಿನ ಬೆಂಚಿನಲ್ಲಿ ಆ ಹುಡುಗಿಯ ತಾಯಿ ಕೂತಿದ್ದಳು. ಅವಳು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಆದರೂ ಮೂರು ವರ್ಷದಿಂದ ಒಂದು ತಾರೀಖೂ ತಪ್ಪಿಸಿಲ್ಲ. ಲಾಂಡ್ರಿಯಲ್ಲಿ ಕೆಲಸ ಅಂತ ಯಾರೋ ಹೇಳಿದ್ದರು. ನನ್ನನ್ನು ನೋಡುವುದಕ್ಕೇ ಬರುತ್ತಾಳೆ, ನಾನು ಸೋಲುವುದನ್ನು ನೋಡಬೇಕು ಅವಳಿಗೆ. ಅವಳಿಗೂ ಗೊತ್ತಿತ್ತು ಯಾವ ಹಾಲು ಅಂತ. ನನಗೆ ಗೊತ್ತಿರಲಿಲ್ಲ.


ಮಾರ್ಚ್ 27

ಕೆಲಸಕ್ಕೆ ಹೋಗಲಿಲ್ಲ. ಊಟ ಬೇಡ. ಇವರು ಬಾಗಿಲ ಹೊರಗಿನಿಂದ ಎರಡು ಸಲ ಕರೆದರು.


ಮಾರ್ಚ್ 29, ಶುಕ್ರವಾರ

ವಕೀಲರ ಆಫೀಸು. ಪಾಪ, ಅವರೂ ಮುಖ ಇಳಿಬಿಟ್ಟಿದ್ದರು. ಇವರು ಅವರಿಗಿಟ್ಟ ಹೆಸರು 'ಮುಂದಿನ ತಾರೀಖು'. ಯಾವುದನ್ನು ಕೇಳಿದರೂ ಉತ್ತರ ಅದೇ. ಇವತ್ತು ಮಾತ್ರ, "ಮೂವತ್ತು ದಿನದೊಳಗೆ ಅರ್ಜಿ ಹಾಕಿದ್ರೆ ಮತ್ತೆ ಜೀವ ಬರುತ್ತೆ. ಬರದೆ ಇದ್ದದ್ದಕ್ಕೆ ಸರಿಯಾದ ಕಾರಣ ಹೇಳ್ಬೇಕು," ಅಂದರು.

"ಕಾರಣ ನಾನು ಬಂದಿದ್ದೆ ಅನ್ನೋದೇ."

"ಅದನ್ನೇ ಪ್ರಮಾಣಪತ್ರದಲ್ಲಿ ಬರೆಯೋಣ."

ಅಲ್ಲಿಯವರೆಗೆ ನನಗೆ ದಾವೆಯೇ ಇಲ್ಲ. ನಾನು ತಪ್ಪು ಮಾಡಿಲ್ಲ ಎಂದು ಕೇಳುವ ಜಾಗವೂ ಲೋಕದಲ್ಲಿ ಉಳಿದಿಲ್ಲ ಅನ್ನಿಸುತ್ತದೆ.


ಏಪ್ರಿಲ್ 22, ಸೋಮವಾರ

ಮತ್ತೆ ಜೀವ ಬಂತು.

ಆದರೆ ಬಂದ ರೀತಿ ಅರ್ಥವಾಗಲಿಲ್ಲ. ಡಾಕ್ಟರ ವಕೀಲರು ತಕರಾರು ತೆಗೆಯಲು ಎದ್ದರು. ಪಕ್ಕದಲ್ಲಿ ಡಾಕ್ಟರು ಕೂತಿದ್ದರು. ಎರಡು ವರ್ಷದ ಮೇಲೆ ಅವರನ್ನು ನೋಡಿದ್ದು. ಕೋಟು ಹ್ಯಾಂಗರಿಗೆ ಹಾಕಿದ ಹಾಗಿತ್ತು, ಒಳಗೆ ಮನುಷ್ಯನೇ ಇಲ್ಲವೇನೋ ಎಂಬಂತೆ. ಅವರು ತಮ್ಮ ವಕೀಲರ ತೋಳು ಜಗ್ಗಿ, "ಬಿಡಿ, ನಡೀಲಿ," ಅಂದರು. ಎಲ್ಲರಿಗೂ ಕೇಳಿಸಿತು. ನ್ಯಾಯಾಧೀಶರು ತಕರಾರಿಲ್ಲವೆಂದು ಬರೆದುಕೊಂಡರು.

ಏನೋ ಕುತಂತ್ರ ಇರಬೇಕು ಅಂದೆ ನಮ್ಮ ವಕೀಲರಿಗೆ. ಅವರು ನನ್ನನ್ನು ಮೆಟ್ಟಿಲ ಪಕ್ಕಕ್ಕೆ ಕರೆದೊಯ್ದರು.

"ಕುತಂತ್ರ ಅಲ್ಲ. ಅವರಿಗೆ ಹೃದಯದ ಕಾಯಿಲೆ, ತುಂಬಾ ಮುಂದುವರೆದಿದೆಯಂತೆ. ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಹೇಳಲಿಲ್ಲ ಅನ್ಬೇಡಿ. ಆಸ್ತಿ ದಾವೆ ಆದ್ರೆ ಪ್ರತಿವಾದಿ ಸತ್ರೂ ಮಕ್ಕಳ ಮೇಲೆ ಮುಂದುವರಿಸಬಹುದು. ಮಾನದ ದಾವೆ ಹಾಗಲ್ಲ. ಮನುಷ್ಯನ ಜೊತೆಗೇ ಹೋಗುತ್ತೆ."

"ಹೋಗುತ್ತೆ ಅಂದ್ರೆ?"

"ಅಲ್ಲಿಗೆ ಮುಗೀತು. ತೀರ್ಪಿಲ್ಲ, ತಪ್ಪು ಯಾರದು ಅನ್ನೋ ಮಾತಿಲ್ಲ. ವಾದ ಎಲ್ಲಾ ಮುಗಿದು ತೀರ್ಪಿಗೆ ಕಾಯ್ದಿರಿಸಿದ ಮೇಲೆ ಸತ್ರೆ ಪರವಾಗಿಲ್ಲ, ಆಗ ತೀರ್ಪು ಕೊಡಬಹುದು. ಅಲ್ಲಿವರೆಗೆ ಅವರು ಬದುಕಿರಬೇಕು."

ಮನೆಗೆ ನಡೆದುಕೊಂಡೇ ಬಂದೆ. ನಾಲ್ಕು ವರ್ಷ ಈ ಮನುಷ್ಯನಿಗೆ ಕೆಟ್ಟದ್ದಾಗಲಿ ಎಂದು ಹಾಸಿಗೆಯಲ್ಲಿ ಹೊರಳಾಡಿದ್ದೇನೆ. ಈಗ ಅವನು ಉಳಿಯಲಿ, ವಾದ ಮುಗಿಯುವವರೆಗಾದರೂ ಉಳಿಯಲಿ.


ಮೇ 3, ಶುಕ್ರವಾರ

ಅಂಗಡಿ ಮುಗಿಸಿ ಡಾಕ್ಟರ ಬೀದಿಗೆ ಹೋದೆ. ಇದು ಮೂರನೆಯ ಸಲ. ಎದುರಿನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವಳಂತೆ ನಿಲ್ಲುತ್ತೇನೆ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ತಲೆ ಅಲ್ಲಾಡಿದರೆ ಸಾಕು, ಹೊರಡುತ್ತೇನೆ. ಇವತ್ತು ಇವರದೇ ಬಸ್ಸು ಬಂದು ಮುಂದೆ ನಿಂತಿತು. ಬಾಗಿಲು ತೆಗೆದು ಇವರು ನನ್ನನ್ನೇ ನೋಡಿದರು. ಹತ್ತಿ ಮುಂದಿನ ಸೀಟಿನಲ್ಲಿ ಕೂತೆ.

"ಉಸಿರು ಎಣಿಸ್ತಿದೀಯಾ ಅವನದು?" ಅಂದರು ಮೂರನೆಯ ಸ್ಟಾಪಿನಲ್ಲಿ.

ಹೌದು ಅಂತ ಹೇಗೆ ಹೇಳಲಿ.


ಮೇ 6, ಸೋಮವಾರ

ನಿಲ್ದಾಣದಲ್ಲಿ ನಿಂತಿದ್ದಾಗ ಡಾಕ್ಟರ ಹೆಂಡತಿ ರಸ್ತೆ ದಾಟಿ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಮಾತ್ರೆಯ ಪಟ್ಟಿಗಳು.

"ನಿಮ್ಮನ್ನ ನಾಲ್ಕು ದಿನದಿಂದ ನೋಡ್ತಿದೀನಿ. ಯಾಕೆ ಬರ್ತೀರಿ ಅಂತ ಕೇಳಲ್ಲ. ಇದನ್ನ ಸ್ವಲ್ಪ ನೋಡಿ ಕೊಡ್ತೀರಾ? ಮೂರು ಡಾಕ್ಟರು ಮೂರು ಥರ ಬರೆದಿದ್ದಾರೆ. ಇವರಿಗೆ ಕಣ್ಣು ಮಂಜು. ನನಗೆ ಏನೂ ತಿಳಿಯಲ್ಲ, ಬೆಳಿಗ್ಗೆದು ರಾತ್ರಿ ಕೊಡ್ತೀನೋ ಏನೋ."

ನಾಲ್ಕು ವರ್ಷದಲ್ಲಿ ಯಾರೂ ನನ್ನ ಕೈಗೆ ಔಷಧ ಕೊಟ್ಟು ನೋಡಿ ಅಂದಿರಲಿಲ್ಲ. ಬೆಂಚಿನ ಮೇಲೇ ಹರಡಿದೆ. ಒಂದೇ ಮಾತ್ರೆ ಎರಡು ಕಂಪನಿಯ ಎರಡು ಹೆಸರಿನಲ್ಲಿತ್ತು, ಎರಡನ್ನೂ ಕೊಡುತ್ತಿದ್ದರು. ನೀರು ಇಳಿಸುವ ಮಾತ್ರೆಯನ್ನು ಸಂಜೆ ಕೊಟ್ಟು ಮನುಷ್ಯನನ್ನು ರಾತ್ರಿಯೆಲ್ಲ ಎಬ್ಬಿಸುತ್ತಿದ್ದರು. ನೋವಿಗೆ ಅಂತ ತಂದಿದ್ದ ಇನ್ನೊಂದು ಅವರ ಮೂತ್ರಪಿಂಡವನ್ನು ಕೊಲ್ಲುತ್ತಿತ್ತು. ಅದನ್ನು ತೆಗೆದಿಟ್ಟು, "ಇದರ ಬಗ್ಗೆ ನಾಳೆಯೇ ಅವರನ್ನ ನೋಡೋ ಡಾಕ್ಟರನ್ನು ಕೇಳಿ, ಕೇಳೋವರೆಗೆ ಕೊಡಬೇಡಿ," ಅಂದೆ. ಉಳಿದದ್ದಕ್ಕೆ ದೊಡ್ಡ ಅಕ್ಷರದಲ್ಲಿ ಒಂದು ಪಟ್ಟಿ ಬರೆದೆ.

ಎಷ್ಟು ಹೊತ್ತಾಯಿತೋ. ಬಸ್ಸುಗಳು ಬಂದು ಹೋದವು.


ಮೇ 12, ಭಾನುವಾರ

ವಾರಕ್ಕೊಮ್ಮೆ ಹೋಗಿ ಏಳು ದಿನದ ಮಾತ್ರೆ ಡಬ್ಬಿಗಳನ್ನು ತುಂಬಿಕೊಡುವುದಾಗಿ ಒಪ್ಪಿದ್ದೇನೆ. ವಕೀಲರಿಗೆ ಹೇಳಿದರೆ ಕುರ್ಚಿಯಿಂದ ಬೀಳುತ್ತಿದ್ದರು, ಹೇಳಿಲ್ಲ. ಇವರಿಗೆ ಹೇಳಿದೆ. ಇವರು ಎಂದೂ ಸಿಟ್ಟಾಗದವರು, ಇವತ್ತು ತಟ್ಟೆ ತಳ್ಳಿ ಎದ್ದರು.

"ನಿನ್ನ ಕೈಯಿಂದ ಮಾತ್ರೆ ತಿಂದು ನಾಳೆ ಅವನು ಹೋದ್ರೆ ಯಾರ ತಲೆಗೆ ಬರುತ್ತೆ? ಒಂದು ಸಲ ಬಂದಿದ್ದು ಸಾಲದಾ?"

"ಅವರು ಬದುಕಿರ್ಬೇಕು. ಅದಕ್ಕೆ."

"ದಾವೆಗೋಸ್ಕರ?"

"ಮತ್ಯಾತಕ್ಕೆ?"

ಅಷ್ಟೇ. ದಾವೆಗಾಗಿ. ಹೋದಾಗ ಅವರ ಜೊತೆ ಮಾತಾಡುವುದಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ತುಂಬಿ, ಪಟ್ಟಿ ಓದಿ ಹೇಳಿ ಬರುತ್ತೇನೆ.


ಮೇ 21, ಮಂಗಳವಾರ

ಪಾಟಿಸವಾಲು. ಒಂದೂವರೆ ಗಂಟೆ ನಿಂತಿದ್ದೆ. ಚೀಟಿಯ ಬಣ್ಣ, ಶಾಯಿ, ಹೊತ್ತು, ದೀಪ ಎಲ್ಲ ಕೇಳಿದರು. ನೀಲಿ ಶಾಯಿ ಅಂದೆ. ಕಳೆದ ವರ್ಷದ ಹೇಳಿಕೆಯಲ್ಲಿ ಕಪ್ಪು ಅಂತ ಇದೆಯಲ್ಲ ಎಂದರು. ಕಪ್ಪು ಅಂದೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು.

ಆಮೇಲೆ ಡಾಕ್ಟರ ವಕೀಲರು ದನಿ ತಗ್ಗಿಸಿ ಕೇಳಿದರು: "ಇಪ್ಪತ್ತೆರಡು ವರ್ಷದ ಅನುಭವ ನಿಮಗೆ. ಆರು ವರ್ಷದ ಮಗುವಿಗೆ ಆ ಔಷಧ ಐದು ಮಿಲಿ ಅಂದ್ರೆ ಜಾಸ್ತಿ ಅಂತ ನಿಮಗೆ ಗೊತ್ತಿರಲಿಲ್ವಾ?"

"ಬರೆದಿದ್ದನ್ನು ಕೊಟ್ಟೆ."

"ಅದಲ್ಲ ನಾನು ಕೇಳಿದ್ದು."

"ಬರೆದಿದ್ದನ್ನು ಕೊಟ್ಟೆ."

ಹೊರಗೆ ನಮ್ಮ ವಕೀಲರು ಬೆನ್ನು ತಟ್ಟಿದರು. ಗಟ್ಟಿಯಾಗಿ ನಿಂತಿರಿ ಅಂದರು. ಆ ತಾಯಿ ಹಿಂದಿನ ಬೆಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಆ ಪ್ರಶ್ನೆ ಬಂದಾಗ ನಾನು ಅವಳ ಕಡೆ ನೋಡಲಿಲ್ಲ.

ಡಾಕ್ಟರ ಕಡೆಯಿಂದ ಸಾಕ್ಷಿ ಇಲ್ಲವಂತೆ, ಆರೋಗ್ಯ ಸರಿಯಿಲ್ಲದ ಕಾರಣ ಅವರು ಕಟಕಟೆಗೆ ಬರುವುದಿಲ್ಲ. ಒಳ್ಳೆಯದೇ ಆಯಿತು. ಉಳಿದಿರುವುದು ವಾದ ಒಂದೇ. ಜೂನ್ 25.


ಜೂನ್ 9, ಭಾನುವಾರ

ಡಬ್ಬಿ ತುಂಬುತ್ತಿದ್ದಾಗ ಡಾಕ್ಟರ ಹೆಂಡತಿ ಎದುರು ಕೂತು, "ದಾವೆ ಹಿಂತಗೊಂಡ್ಬಿಡಿ. ಅವರು ನಿಮಗೆ ಕ್ಷಮೆ ಕೇಳಿ ಪತ್ರ ಬರೆದುಕೊಡ್ತಾರಂತೆ. ಅವರೇ ಹೇಳಿದ್ರು. ಅವರ ವಕೀಲರಿಗೆ ಗೊತ್ತಾಗೋದು ಬೇಡ," ಅಂದರು.

ಪತ್ರ ಎಲ್ಲಿರುತ್ತದೆ? ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ. ಯಾರು ಓದುತ್ತಾರೆ? ನಾನು ಸುಳ್ಳು ಪತ್ರ ಸೃಷ್ಟಿಸಿಕೊಂಡೆ ಅನ್ನುತ್ತಾರೆ. ತೀರ್ಪನ್ನು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಹದಿನಾರು ದಿನ ಉಳಿದಿರುವಾಗ ನಾನೇ ಕೈಯಾರೆ ದಾವೆಯ ಕುತ್ತಿಗೆ ಹಿಸುಕಲೇ? ಆಗುವುದಿಲ್ಲ ಅಂದೆ. ಅವರು ತಲೆಯಾಡಿಸಿ ಚಹಾ ಸೋಸಲು ಎದ್ದರು.


ಜೂನ್ 16, ಭಾನುವಾರ

ಇವತ್ತು ಹೆಂಡತಿ ಹೊರಗೆ ಹೋಗಿದ್ದರು. ಡಾಕ್ಟರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಕಾಲು ಊದಿವೆ. ಎದುರಿನ ಕುರ್ಚಿಯಲ್ಲಿ ಕೂರಲು ಒಂದು ನಿಮಿಷ ಬೇಕಾಯಿತು. ಕೂತ ಮೇಲೆ ಉಸಿರು ಸಿಗಲು ಇನ್ನೊಂದು.

"ಚುಕ್ಕೆ ಇಟ್ಟಿದ್ದೆ ಅಂತ ನಾನು ಪ್ರಮಾಣ ಮಾಡಲಾರೆ," ಅಂದರು. "ಇಡಲಿಲ್ಲ ಅಂತಲೂ ಹೇಳಲಾರೆ. ಒಂದೊಂದು ದಿನ ನೆನಪಲ್ಲಿ ಚುಕ್ಕೆ ಇರುತ್ತೆ, ಒಂದೊಂದು ದಿನ ಇರಲ್ಲ. ಆವತ್ತು ಮೈಕು ಮುಂದೆ ಹಿಡಿದ್ರು, ಭಯ ಆಯ್ತು. ನಿಮ್ಮ ಕಡೆ ಕೈ ತೋರಿಸ್ಬಿಟ್ಟೆ. ಅದು ತಪ್ಪು. ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ."

ನಾನು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ.

"ಒಂದು ಕೇಳ್ಲಾ? ವಕೀಲರ ಪ್ರಶ್ನೆ ಅಲ್ಲ. ನೀವು ನನಗೆ ಯಾವಾಗಲೂ ಫೋನ್ ಮಾಡ್ತಿದ್ರಿ. ಏನಿದು ಡಾಕ್ಟ್ರೇ, ಕೋಳಿ ಕೆದಕಿದ ಹಾಗಿದೆ, ಎಷ್ಟು ಕೊಡ್ಲಿ ಅಂತ. ದಿನಕ್ಕೆ ಎರಡು ಸಲ, ಮೂರು ಸಲ. ನನಗೆ ರೇಗ್ತಿತ್ತು. ಆದ್ರೆ ನೀವು ಮಾಡ್ತಿದ್ರಿ. ಆವತ್ತು ಯಾಕೆ ಮಾಡಲಿಲ್ಲ?"

"ಕ್ಯೂ ಉದ್ದ ಇತ್ತು," ಅಂದೆ.

ಅವರು ಹೂಂ ಅಂದರು. ಎದ್ದು ಹೋಗಲು ಅವರಿಗೆ ಆಗಲಿಲ್ಲ. ಕಂಕುಳಿಗೆ ಕೈ ಕೊಟ್ಟು ಕೋಣೆಯವರೆಗೆ ನಡೆಸಿ ಮಲಗಿಸಿ, ದಿಂಬು ಎತ್ತರ ಮಾಡಿ ಬಂದೆ.


ಜೂನ್ 17

ಕ್ಯೂ ಉದ್ದವೇ ಇತ್ತು. ಅದು ಸುಳ್ಳಲ್ಲ.


ಜೂನ್ 19

ಅಂಗಡಿಯಲ್ಲಿ ಎರಡು ಜೋಡಿ ತಪ್ಪು ಕೊಟ್ಟೆ. ಯಜಮಾನರೇ ಬಂದು ಬದಲಾಯಿಸಿಕೊಂಡು ಹೋದರು.

ಆ ಚೀಟಿಯನ್ನು ಕಣ್ಣು ಮುಚ್ಚಿ ನೋಡಲು ಹೋದರೆ ಈಗ ಚೀಟಿ ಬರುವುದಿಲ್ಲ. ಕೌಂಟರಿನ ಮೇಲಿದ್ದ ಕಪ್ಪು ಫೋನು ಬರುತ್ತದೆ. ನನ್ನ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು.


ಜೂನ್ 25, ಮಂಗಳವಾರ

ವಾದ ನಡೆಯಲಿಲ್ಲ. ನ್ಯಾಯಾಧೀಶರು ರಜೆ. ಜುಲೈ 9 ಅಂದರು. ಹದಿನಾಲ್ಕು ದಿನ. ಗುಮಾಸ್ತರ ಮೇಜಿನ ಮುಂದೆ ಅಳು ಬಂದುಬಿಟ್ಟಿತು. ವಕೀಲರು ಗಾಬರಿಯಾಗಿ, "ಏನಮ್ಮಾ ಇದು, ಎರಡು ವಾರ ತಾನೇ," ಅಂದರು. ಅವರಿಗೆ ಎರಡು ವಾರ. ನಾನು ಪ್ರತಿ ಭಾನುವಾರ ಆ ಕಾಲುಗಳ ಊತವನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಗುಳಿ ಮುಚ್ಚಿಕೊಳ್ಳಲು ಎಷ್ಟು ಹೊತ್ತಾಗುತ್ತದೆ ಎಂದು ನನಗೆ ಗೊತ್ತು.


ಜೂನ್ 30, ಭಾನುವಾರ

ಡಾಕ್ಟರಿಗೆ ಊಟ ಸೇರುತ್ತಿಲ್ಲ. ಗಂಜಿಯನ್ನು ನಾನೇ ಮಾಡಿದೆ, ಉಪ್ಪಿಲ್ಲದೆ. ಆರು ಚಮಚ ಕುಡಿದರು. "ಆಸ್ಪತ್ರೆ ಗಂಜಿಗಿಂತ ಕೆಟ್ಟದಾಗಿದೆ," ಅಂದರು. ಅದು ಅಸಾಧ್ಯ ಅಂದೆ. ನಕ್ಕರು, ಕೆಮ್ಮು ಬಂತು. ಬರುವಾಗ ಹೆಂಡತಿ ಬಾಗಿಲವರೆಗೆ ಬಂದು ಕೈ ಹಿಡಿದುಕೊಂಡರು.

ಒಂಬತ್ತನೆಯ ತಾರೀಖಿನ ನಂತರವೂ ಡಬ್ಬಿ ತುಂಬಲು ಬರುತ್ತೇನೆ ಎಂದು ಹೇಳಿ ಬಂದೆ. ಯಾಕೆ ಹೇಳಿದೆನೋ, ಅವರು ಕೇಳಿರಲಿಲ್ಲ.


ಜುಲೈ 5, ಶುಕ್ರವಾರ

ಬೆಳಿಗ್ಗೆ ಏಳೂಕಾಲಿಗೆ ಫೋನು. ಡಾಕ್ಟರು ಹೋದರು. ನಿದ್ದೆಯಲ್ಲೇ.

ಇವರು ರಜೆ ಹಾಕಿ ನನ್ನ ಜೊತೆ ಬಂದರು. ಮನೆಯ ತುಂಬ ಆಸ್ಪತ್ರೆಯವರು. ಯಾರೋ ಒಬ್ಬರು, "ಇವಳು ಇಲ್ಲಿ? ಔಷಧಿ ಇವಳೇ ಕೊಡ್ತಿದ್ಲಂತೆ," ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಇವರ ಕೈ ನನ್ನ ತೋಳನ್ನು ಹಿಡಿಯಿತು. ಡಾಕ್ಟರ ಹೆಂಡತಿ ಕೂತಲ್ಲಿಂದಲೇ ತಲೆ ಎತ್ತಿ, "ಅವರು ಎರಡು ತಿಂಗಳು ಹೆಚ್ಚು ಉಳಿದದ್ದೇ ಇವರಿಂದ. ಬನ್ನಿ, ಇಲ್ಲಿ ಕೂತ್ಕೊಳ್ಳಿ," ಅಂದರು.

ಕೂತೆ. ಮುಖ ನೋಡಿದೆ. ನಾಲ್ಕು ದಿನ. ನಾಲ್ಕೇ ದಿನ. ಅಲ್ಲಿ ಕೂತು ನಾನು ಯಾರಿಗಾಗಿ ಅಳುತ್ತಿದ್ದೆ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.


ಜುಲೈ 9, ಮಂಗಳವಾರ

ಮೂರು ನಿಮಿಷ. ಡಾಕ್ಟರ ವಕೀಲರು ಮರಣಪತ್ರ ಕೊಟ್ಟರು. ನಮ್ಮ ವಕೀಲರು ಏನೋ ಹೇಳಲು ಎದ್ದರು, ನ್ಯಾಯಾಧೀಶರು ಕೈ ತೋರಿಸಿ ಕೂರಿಸಿದರು. ಕೆಟ್ಟ ರೀತಿಯಲ್ಲೇನೂ ಅಲ್ಲ. ಗುಮಾಸ್ತರಿಗೆ ಬರೆಸಿದರು: ಪ್ರತಿವಾದಿ ಮೃತರಾಗಿದ್ದಾರೆ, ದಾವೆಯ ಹಕ್ಕು ಉಳಿಯುವುದಿಲ್ಲ, ದಾವೆ ಮುಕ್ತಾಯ. ಖರ್ಚಿನ ಬಗ್ಗೆ ಆದೇಶವಿಲ್ಲ. ಮುಂದಿನ ಪ್ರಕರಣ ಕೂಗಿದರು.

ಹೊರಗಿನ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ವಕೀಲರು ಆದೇಶದ ಪ್ರತಿ ತೆಗೆದುಕೊಳ್ಳಿ, ಮೇಲಿನ ಕೋರ್ಟಿಗೆ ಹೋಗಲು ದಾರಿ ಇದೆಯಾ ನೋಡೋಣ ಎಂದೇನೋ ಹೇಳಿ ಹೋದರು. ಆಗ ಆ ತಾಯಿ ಬಂದಳು. ಮೂರು ವರ್ಷದಲ್ಲಿ ಮೊದಲ ಸಲ ಹತ್ತಿರ ಬಂದದ್ದು. ನನಗಿಂತ ಗಿಡ್ಡ. ಬೆರಳುಗಳ ಮೇಲೆ ಹಬೆಯ ಸುಟ್ಟ ಕಲೆಗಳು.

"ಮುಗೀತಾ?"

"ಮುಗೀತು."

"ಯಾರ ತಪ್ಪು ಅಂದ್ರು? ನನಗೆ ಆ ಭಾಷೆ ತಿಳಿಯಲಿಲ್ಲ."

"ಏನೂ ಅನ್ನಲಿಲ್ಲ. ಡಾಕ್ಟರು ಹೋಗಿಬಿಟ್ರಲ್ಲ. ಇನ್ನು ಯಾರೂ ಏನೂ ಅನ್ನಲ್ಲ."

ಅವಳು ಕೋರ್ಟಿನ ಬಾಗಿಲ ಕಡೆ ತಿರುಗಿ ನೋಡಿದಳು.

"ಅದೊಂದು ಮಾತು ಕೇಳೋಕೆ ನಾನು ಇಷ್ಟು ವರ್ಷ ಬಂದೆ," ಅಂದಳು. "ಅರ್ಧ ದಿನದ ರಜೆ ಹಾಕಿ ಹಾಕಿ ಬಂದೆ. ಯಾರದಾದ್ರೂ ಒಬ್ಬರ ಹೆಸರು ಹೇಳ್ತಾರೆ ಅಂತ."

ಚೀಲ ಭುಜಕ್ಕೇರಿಸಿ ಮೆಟ್ಟಿಲಿಳಿದು ಹೋದಳು. ಅವಳು ನನ್ನನ್ನು ನೋಡಲು ಬರುತ್ತಿರಲಿಲ್ಲ.


ಜುಲೈ 11

ಇವರು ಒಂದು ಮಾತು ಹೇಳಿದರು: "ನಾಲ್ಕು ವರ್ಷ ನೀನು ಆ ಮಗು ಬಗ್ಗೆ ಒಂದು ಸಲಾನೂ ಮಾತಾಡಿಲ್ಲ, ಗೊತ್ತಾ? ಎರಡು ದಿನದಿಂದ ಅದೇ ಮಾತು."

ಇಲ್ಲ, ಮಾತಾಡಿದ್ದೇನೆ. ಮಾತಾಡಿರಲೇಬೇಕು.


ಜುಲೈ 16, ಮಂಗಳವಾರ

ಆದೇಶದ ಪ್ರತಿ ತರಲೆಂದು ಮಧ್ಯಾಹ್ನ ರಜೆ ತೆಗೆದುಕೊಂಡೆ. ಬಸ್ಸಿಳಿದದ್ದು ಆ ತಾಯಿ ಕೆಲಸ ಮಾಡುವ ಲಾಂಡ್ರಿಯ ಹತ್ತಿರ.

ಹಿಂಬಾಗಿಲು ತೆರೆದಿತ್ತು. ಒಳಗೆ ಎರಡಾಳೆತ್ತರದ ಇಸ್ತ್ರಿ ಯಂತ್ರ, ಅದರ ಬಾಯಿಗೆ ಅವಳು ಒದ್ದೆ ಹಾಸಿಗೆ ಬಟ್ಟೆಗಳನ್ನು ಕೊಡುತ್ತಿದ್ದಳು, ಆಚೆ ಕಡೆಯಿಂದ ಒಣಗಿ ಬಿಸಿಯಾಗಿ ಬರುತ್ತಿದ್ದವು. ನನ್ನನ್ನು ಕಂಡು ಯಂತ್ರ ನಿಲ್ಲಿಸಿದಳು. ಮಾತನಾಡಲು ನನಗೆ ಏನೂ ಸಿದ್ಧವಿರಲಿಲ್ಲ. ಬಂದದ್ದು ಇಷ್ಟು:

"ಚೀಟಿಯಲ್ಲಿ ಚುಕ್ಕೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇರಲಿಲ್ಲ ಅಂತ ಇಷ್ಟು ದಿನ ಹೇಳಿದೆ. ಆದ್ರೆ ಐದು ಮಿಲಿ ಜಾಸ್ತಿ ಅಂತ ನನಗೆ ಗೊತ್ತಿತ್ತು. ಬಾಟಲಿ ಮೇಲೆ ಲೇಬಲ್ ಬರೆಯೋವಾಗ ಒಂದು ಕ್ಷಣ ಅನ್ನಿಸ್ತು, ಫೋನ್ ಮಾಡಿ ಕೇಳ್ಬೇಕು ಅಂತ. ಫೋನು ಪಕ್ಕದಲ್ಲೇ ಇತ್ತು. ಮಾಡಲಿಲ್ಲ. ನಾನು ಕೇಳಬೇಕಿತ್ತು."

ಅವಳು ಬಯ್ಯಲಿಲ್ಲ. ಹೊಡೆಯುತ್ತಾಳೆ ಎಂದೂ ಒಂದು ಗಳಿಗೆ ಅನ್ನಿಸಿತ್ತು, ಅದಕ್ಕೂ ನಿಂತಿದ್ದೆ. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮಡಿಸತೊಡಗಿದಳು. ಒದ್ದೆ ಬಟ್ಟೆಯನ್ನು ಯಾರೂ ಮಡಿಸುವುದಿಲ್ಲ.

"ಕ್ಯೂನಲ್ಲಿ ನಾನೇ ಅವಸರ ಮಾಡಿದ್ದು," ಅಂದಳು. "ನೆನಪಿದೆಯಾ ನಿಮಗೆ? ಬಸ್ಸು ತಪ್ಪುತ್ತೆ, ಬೇಗ ಕೊಡಿ ತಾಯಿ ಅಂತ ಗಾಜು ಬಡಿದೆ. ಮನೇಲಿ ಕೆಲಸ ಇತ್ತು. ನೀವು ಒಂದು ಸಲ ಫೋನ್ ಕಡೆ ನೋಡಿದ್ರಿ. ನಾನು ನೋಡಿದೆ ನೀವು ನೋಡಿದ್ದನ್ನ. ಮತ್ತೆ ಬಡಿದೆ. ಚಮಚದಲ್ಲಿ ಅಳೆದು ಕುಡಿಸಿದ್ದೂ ನಾನೇ. ಕೋರ್ಟಲ್ಲಿ ಯಾರಾದ್ರೂ ಅದನ್ನ ಕೇಳ್ತಾರೆ, ತಾಯಿದೂ ತಪ್ಪಿದೆ ಅಂತಾರೆ ಅಂತ ಪ್ರತಿ ಸಲ ಕಾಯ್ತಿದ್ದೆ. ಯಾರೂ ಕೇಳಲೇ ಇಲ್ಲ."

ನನಗೆ ಗಾಜು ಬಡಿದದ್ದು ನೆನಪಿಲ್ಲ. ನಿಜವಾಗಿಯೂ ನೆನಪಿಲ್ಲ. ದಿನಕ್ಕೆ ಇಪ್ಪತ್ತು ಜನ ಬಡಿಯುತ್ತಿದ್ದರು.

"ಬಡಿಯೋರು ಬಡೀತಾರೆ," ಅಂದೆ. "ಆ ಗಾಜಿನ ಒಳಗೆ ನನ್ನನ್ನ ಕೂರಿಸಿದ್ದೇ ಅದಕ್ಕೆ, ಎಷ್ಟು ಬಡಿದ್ರೂ ಕೇಳಿಯೇ ಕೊಡ್ಲಿ ಅಂತ. ಲೇಬಲ್ ಮೇಲೆ ನಾನು ಬರೆದದ್ದನ್ನ ನೀವು ಕುಡಿಸಿದ್ರಿ. ನಿಮ್ಮ ತಪ್ಪಿಲ್ಲ."

ಯಂತ್ರ ಆರುತ್ತಾ ಟಿಕ್ ಟಿಕ್ ಅನ್ನುತ್ತಿತ್ತು.

"ಇನ್ನೊಂದ್ ಸಲ ಹೇಳಿ," ಅಂದಳು.

ಹೇಳಿದೆ. ಅವಳು ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು. ಮುಖ ಮುಚ್ಚಿಕೊಂಡ ಬಟ್ಟೆಯೊಳಗಿನಿಂದ ಏನೋ ಕೇಳಿದಳು. ತಿಳಿಯಲಿಲ್ಲ. ಮತ್ತೆ ಹೇಳಲು ಕೇಳಿದಳೆಂದು ಭಾವಿಸಿ ಮತ್ತೆ ಹೇಳಿದೆ, ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟು.

ಐದು ಗಂಟೆಗೆ ಕೋರ್ಟಿನ ಕಚೇರಿ ಮುಚ್ಚಿತು. ಪ್ರತಿ ತರಲಾಗಲಿಲ್ಲ. ಅವಳ ಉಳಿದ ಬಟ್ಟೆಗಳನ್ನು ಇಬ್ಬರೂ ಯಂತ್ರಕ್ಕೆ ಕೊಟ್ಟು, ಆಚೆ ತುದಿಯಲ್ಲಿ ಎರಡೆರಡು ಮೂಲೆ ಹಿಡಿದು ಮಡಿಸಿ ಮುಗಿಸಿದೆವು.